ನನ್ನದು 4.5 ಮಿ.ಮೀ.ನ, ನಳಿಗೆ ಮಡಚಿ ಸ್ಪ್ರಿಂಗ್ ಬಿಗಿಯುವ (ಬ್ರೇಕ್ ಬ್ಯಾರಲ್) ಏರ್ ರೈಫಲ್. ಅದಕ್ಕೆ ನಾನೇ ಸ್ಕೋಪ್ ಕೂರಿಸಿದೆ. ಹದಿನೈದಿಪ್ಪತ್ತು ಹೊಡೆತಕ್ಕೊಮ್ಮೆ ಗುರಿ ಜರುಗುತ್ತದೆ. ಸ್ಕೋಪ್ ಕೆಟ್ಟಿದೆಯೇ?

ಕೆಟ್ಟಿರುವ ಸಾಧ್ಯತೆ ಕಡಿಮೆ. ನಿಮ್ಮದು 4.5 ಮಿ.ಮೀ.ನ ಬ್ರೇಕ್ ಬ್ಯಾರಲ್ ಸ್ಪ್ರಿಂಗ್ ರೈಫಲ್ ಎಂದಿದ್ದೀರಿ. ಈ ಜಾತಿಯಲ್ಲಿ ಸ್ಕೋಪ್‌ಗಿಂತ ಮೊದಲು ಮೌಂಟ್ (ಸ್ಕೋಪನ್ನು ರೈಫಲ್‌ಗೆ ಕಚ್ಚಿ ಹಿಡಿಯುವ ಆಸರೆ) ಮೇಲೆ, ಮೌಂಟ್‌ಗಿಂತ ಮೊದಲು ಸ್ಟಾಕ್‌ನ (ರೈಫಲ್‌ನ ಮರದ ಹಿಡಿಯ) ಸ್ಕ್ರೂಗಳ ಮೇಲೆ ಅನುಮಾನಪಡಬೇಕು. ನಾನು ನೋಡುವುದೂ ಇದೇ ಕ್ರಮದಲ್ಲಿ.

ಯಾವುದಕ್ಕೂ ಕೈ ಹಾಕುವ ಮುಂಚೆ ಒಳಗೆ ಪೆಲೆಟ್ ಇಲ್ಲ, ಸ್ಪ್ರಿಂಗ್ ಕಾಕ್ ಆಗಿಲ್ಲ (ಒತ್ತಿ ಹಿಡಿದ ಸ್ಥಿತಿಯಲ್ಲಿಲ್ಲ) ಎಂದು ಖಾತ್ರಿ ಮಾಡಿಕೊಳ್ಳಿ. ಆಮೇಲೆ ಮರದ ಮುಂಭಾಗದ ಎರಡೂ ಬದಿಯ ಸ್ಕ್ರೂ, ಟ್ರಿಗರ್ ಗಾರ್ಡ್ ಹತ್ತಿರದ ಸ್ಕ್ರೂ ಎಲ್ಲವನ್ನೂ ಅಲನ್ ಕೀಯಿಂದ ಮುಟ್ಟಿ ನೋಡಿ. ಒಂದು ಕಾಲು ಸುತ್ತು ತಿರುಗಿದರೂ ನಿಮ್ಮ ಉತ್ತರ ಅಲ್ಲೇ ಸಿಕ್ಕಿತು. ಬಿಚ್ಚಿ, ಎಣ್ಣೆ ಒರೆಸಿ, ನೀಲಿ ಬಣ್ಣದ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ ಬಿಗಿಯಿರಿ. ಕೆಂಪು ಬೇಡ, ಅದನ್ನು ಬಿಚ್ಚಲು ಬಿಸಿ ಕೊಡಬೇಕಾಗುತ್ತದೆ.

ಸ್ಕ್ರೂಗಳು ಸರಿಯಿದ್ದರೆ ಮೌಂಟ್ ನೋಡಿ. ಸ್ಪ್ರಿಂಗ್ ರೈಫಲ್ ಎರಡು ಸಲ ಒದೆಯುತ್ತದೆ. ಪಿಸ್ಟನ್ ಮುಂದಕ್ಕೆ ಹಾರುವಾಗ ಬಂದೂಕು ಹಿಂದಕ್ಕೆ, ಪಿಸ್ಟನ್ ಕೊನೆ ಮುಟ್ಟಿ ನಿಂತಾಗ ಬಂದೂಕು ಮುಂದಕ್ಕೆ. ಎರಡನೆಯ ಒದೆತ ಗಡುಸು. ರೈಫಲ್ ಮುಂದಕ್ಕೆ ಜಿಗಿಯುತ್ತದೆ, ಮೇಲೆ ಕೂತ ಸ್ಕೋಪ್ ಅಷ್ಟು ಬೇಗ ಹಿಂಬಾಲಿಸುವುದಿಲ್ಲ. ಹಾಗಾಗಿ ಮೌಂಟ್ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಹಿಂದೆ ಸರಿಯುತ್ತದೆ. ಪರೀಕ್ಷೆ ಸುಲಭ: ಹಿಂದಿನ ಮೌಂಟ್‌ನ ಬೆನ್ನಿಗೆ, 11 ಮಿ.ಮೀ. ಡವ್‌ಟೇಲ್ ಹಳಿಯ (ರೈಫಲ್ ಬೆನ್ನ ಮೇಲೆ ಮೌಂಟ್ ಕಚ್ಚಿಕೊಳ್ಳುವ ಜಾಗ) ಮೇಲೆ ಪೆನ್ಸಿಲ್ ಗೆರೆ ಎಳೆದು ಇಪ್ಪತ್ತು ಪೆಲೆಟ್ ಹೊಡೆಯಿರಿ. ಗೆರೆ ಮೌಂಟ್ ಅಡಿ ಸೇರಿದ್ದರೆ ಜರುಗಿದೆ ಎಂದರ್ಥ.

ಇಲ್ಲಿ ಎಲ್ಲರೂ ಮಾಡುವ ತಪ್ಪು, ಇನ್ನಷ್ಟು ಬಿಗಿ ಮಾಡುವುದು. ಅದರಿಂದ ಅಲ್ಯೂಮಿನಿಯಂ ಮೌಂಟ್‌ನ ಹಲ್ಲು ಸವೆಯುತ್ತದೆಯೇ ಹೊರತು ಜಾರುವುದು ನಿಲ್ಲುವುದಿಲ್ಲ. ಬಹಳಷ್ಟು ರೈಫಲ್‌ಗಳಲ್ಲಿ ಹಳಿಯ ಹಿಂತುದಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಹಿಂದಿನ ಮೌಂಟ್‌ನ ಸ್ಟಾಪ್ ಪಿನ್ ಅದರೊಳಗೆ ಇಳಿದು ತೂತಿನ ಹಿಂಗೋಡೆಗೆ ಒರಗಿ ನಿಲ್ಲಬೇಕು. ಪಿನ್ ತೀರಾ ಕೆಳಗಿಳಿಸಿದರೆ ತೂತಿನ ತಳಕ್ಕೆ ತಾಗಿ ಮೌಂಟನ್ನೇ ಎತ್ತಿ ಹಿಡಿಯುತ್ತದೆ. ಮೇಲಿಂದ ನೋಡಿದರೆ ಕೂತಂತೆ ಕಾಣುತ್ತದೆ, ಕೂತಿರುವುದಿಲ್ಲ. ಆದ್ದರಿಂದ ತಳ ಮುಟ್ಟುವವರೆಗೆ ತಿರುಗಿಸಿ ಅರ್ಧ ಸುತ್ತು ವಾಪಸ್ ತನ್ನಿ. ಹಳಿಯನ್ನೂ ಮೌಂಟ್‌ನ ಹಿಡಿತದ ಅಂಚನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಕಾರ್ಖಾನೆಯ ಎಣ್ಣೆಯ ಮೇಲೆಯೇ ಮೌಂಟ್ ಕೂರಿಸಿದವರು ಎಷ್ಟೋ ಜನ.

ಇನ್ನು ಸ್ಕೋಪ್ ಹಿಡಿದಿರುವ ರಿಂಗ್‌ಗಳು. ಮೇಲಿನ ಮುಚ್ಚಳದ ಸ್ಕ್ರೂಗಳನ್ನು ಒಂದು ಬದಿ ಪೂರ್ತಿ ಬಿಗಿದು ಆಮೇಲೆ ಇನ್ನೊಂದು ಬದಿಗೆ ಹೋದರೆ ಸ್ಕೋಪ್ ತಿರುಗುತ್ತದೆ, ಕ್ರಾಸ್‌ಹೇರ್ ವಾಲುತ್ತದೆ. ಮೂಲೆಯಿಂದ ಮೂಲೆಗೆ, ಕಾಲು ಸುತ್ತಿನಂತೆ ಬಿಗಿಯಿರಿ. ಎರಡೂ ಬದಿಯ ಸಂದು ಸಮ ಇರಲಿ. ತಯಾರಕರು ಬೇರೆ ಹೇಳಿಲ್ಲದಿದ್ದರೆ 1.7ರಿಂದ 2 ನ್ಯೂಟನ್ ಮೀಟರ್ ಸಾಕು. ಟಾರ್ಕ್ ಪಾನಾ ಇಲ್ಲದವರು ಅಲನ್ ಕೀಯ ಉದ್ದನೆಯ ಕಾಲನ್ನು ಸ್ಕ್ರೂಗೆ ಇಟ್ಟು ಗಿಡ್ಡ ಕಾಲನ್ನು ಎರಡು ಬೆರಳಲ್ಲಿ ತಿರುಗಿಸಿ, ಅತಿಯಾಗುವುದಿಲ್ಲ. ಇಲ್ಲಿ ಥ್ರೆಡ್‌ಲಾಕರ್ ಬೇಡ. ಅದು ಒದ್ದೆಯಿರುವಾಗ ಎಣ್ಣೆಯಂತೆ ಜಾರುತ್ತದೆ, ಅದೇ ಬಲಕ್ಕೆ ಸ್ಕ್ರೂ ಹೆಚ್ಚು ಒಳಗೆ ಹೋಗಿ ಸ್ಕೋಪ್‌ನ ಕೊಳವೆ ನೆಗ್ಗುತ್ತದೆ.

ಕ್ರಾಸ್‌ಹೇರ್ ನೇರ ಮಾಡಲು ಹತ್ತು ಮೀಟರ್ ದೂರದಲ್ಲಿ ತೂಕ ಕಟ್ಟಿದ ದಾರ ಇಳಿಬಿಡಿ. ರೈಫಲ್ ವಾಲದಂತೆ ಆಸರೆಗೆ ಇಟ್ಟು ನಿಂತ ಗೆರೆಯನ್ನು ದಾರಕ್ಕೆ ಹೊಂದಿಸಿ. ವಾಲಿದ ಸ್ಕೋಪ್ ಒಂದೇ ದೂರಕ್ಕೆ ಹೊಡೆಯುವಾಗ ಗೊತ್ತೇ ಆಗುವುದಿಲ್ಲ. ಸ್ಕೋಪ್ ನಳಿಗೆಗಿಂತ 45 ಮಿ.ಮೀ. ಮೇಲಿದ್ದು 3 ಡಿಗ್ರಿ ವಾಲಿದ್ದರೆ, 15 ಮೀಟರ್‌ಗೆ ಸರಿಮಾಡಿದ ಗುರಿ 30 ಮೀಟರ್‌ನಲ್ಲಿ ಎರಡು ಚಿಲ್ಲರೆ ಮಿ.ಮೀ. ಪಕ್ಕಕ್ಕೆ ಹೋಗುತ್ತದೆ. ಆಗ ಗಾಳಿಯನ್ನು ಬೈಯುವವರೇ ಜಾಸ್ತಿ.

ಎತ್ತರದ ಟರೆಟ್ (ಗುರಿಯನ್ನು ಮೇಲೆ ಕೆಳಗೆ ಸರಿಸುವ, ಸ್ಕೋಪ್‌ನ ತಿರುಗುಗುಂಡಿ) ಕೊನೆಯವರೆಗೂ ತಿರುಗಿಸಿದ್ದೀರಾ, ಹೇಳಿಲ್ಲ. ಬ್ರೇಕ್ ಬ್ಯಾರಲ್‌ಗಳಲ್ಲಿ ನಳಿಗೆ ಕೊಂಚ ಕೆಳಮುಖವಾಗಿರುವುದು ಸಾಮಾನ್ಯ. ಅದನ್ನು ಸರಿದೂಗಿಸಲು ಟರೆಟ್ ಮೇಲಕ್ಕೆ ಪೂರ್ತಿ ತಿರುಗಿಸಿದರೆ ಸ್ಕೋಪ್ ಒಳಗಿನ ಸ್ಪ್ರಿಂಗ್ ಸಡಿಲಾಗಿ ಪ್ರತಿ ಹೊಡೆತಕ್ಕೂ ಗುರಿ ಅಲೆಯುತ್ತದೆ. ಟರೆಟ್ ನಡುವಿಗೆ ತಂದು ಹಿಂದಿನ ರಿಂಗ್‌ನ ಕೆಳಭಾಗದಲ್ಲಿ ತೆಳು ಪಟ್ಟಿ ಇಡಿ. ಎರಡು ರಿಂಗ್‌ಗಳ ನಡುವೆ 100 ಮಿ.ಮೀ. ಇದ್ದರೆ 0.1 ಮಿ.ಮೀ. ದಪ್ಪದ ಪಟ್ಟಿ 10 ಮೀಟರ್‌ನಲ್ಲಿ ಏಟನ್ನು 10 ಮಿ.ಮೀ. ಮೇಲೆತ್ತುತ್ತದೆ. ಎರಡು ಪದರ ಮೀರಿದರೆ ಪಟ್ಟಿಯ ಸಹವಾಸ ಬಿಟ್ಟು ಹೊಂದಿಸಬಲ್ಲ ಮೌಂಟ್ ತನ್ನಿ, ಇಲ್ಲದಿದ್ದರೆ ಕೊಳವೆ ಬಾಗುತ್ತದೆ.

ಗುರಿ ಹೊಂದಿಸುವಾಗ ಕ್ಲಿಕ್ ಲೆಕ್ಕ ತಪ್ಪುವವರೂ ಇದ್ದಾರೆ. ಕಾಲು ಎಂಒಎ (ಎಂಒಎ ಎಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು) ಸ್ಕೋಪ್‌ನಲ್ಲಿ ಒಂದು ಕ್ಲಿಕ್ ಎಂದರೆ 100 ಮೀಟರ್‌ಗೆ 7 ಮಿ.ಮೀ., 10 ಮೀಟರ್‌ಗೆ ಬರೀ 0.7. ಮೂರು ಸೆಂಟಿಮೀಟರ್ ಸರಿಸಲು ನಲವತ್ತು ಚಿಲ್ಲರೆ ಕ್ಲಿಕ್ ಬೇಕು. ನಾಲ್ಕು ಕ್ಲಿಕ್ ತಿರುಗಿಸಿ "ಟರೆಟ್ ಕೆಲಸ ಮಾಡುತ್ತಿಲ್ಲ" ಎಂದರೆ ಹೇಗೆ? ಒಂದೊಂದು ಏಟಿಗೆ ತಿರುಗಿಸದೆ ಐದು ಪೆಲೆಟ್ ಹೊಡೆದು ಅದರ ನಡುವನ್ನು ಅಳೆಯಿರಿ. ಆದರೆ ನಳಿಗೆಯನ್ನು ಮರಳಿನ ಚೀಲದ ಮೇಲೆ ಇಡಲೇಬೇಡಿ.

ಇಷ್ಟೆಲ್ಲ ಆದ ಮೇಲೂ ಅಲೆದರೆ, ರೈಫಲ್‌ನ ಸ್ವಂತ ಗುರಿಕಣ್ಣುಗಳಿಂದ ಹತ್ತು ಪೆಲೆಟ್ ಹೊಡೆದು ನೋಡಿ. ಅವು ಒಂದೇ ಕಡೆ ಗುಂಪಾಗಿ ಬಿದ್ದರೆ ಆಗ ಸ್ಕೋಪ್‌ನದೇ ತಪ್ಪು: ಹಿಂದಕ್ಕೆ ಮಾತ್ರ ಒದೆಯುವ ಬಂದೂಕುಗಳಿಗೆ ಮಾಡಿದ ಸ್ಕೋಪ್‌ನ ಗಾಜುಗಳು ಈ ಮುಂದಿನ ಒದೆತಕ್ಕೆ ಸಡಿಲಾಗುತ್ತವೆ. ಸ್ಪ್ರಿಂಗ್ ಏರ್‌ಗನ್‌ಗೆಂದೇ ಬರೆದಿರುವುದನ್ನು ತನ್ನಿ. ಹತ್ತು ಮೀಟರ್‌ಗೆ ಫೋಕಸ್ ಆಗುತ್ತದೆಯೇ ಎಂದೂ ಕೊಳ್ಳುವಾಗಲೇ ಕೇಳಿ.