ವಾಚಿನ ಮೇಲಿರುವ ಹೆಸರು ಯಾರದು?

ಪ್ರಶ್ನೆ: ನಾನಿರುವುದು ಇಂಗ್ಲೆಂಡಿನಲ್ಲಿ. ಇಲ್ಲಿನ ಸಂತೆಯಲ್ಲಿ ಬೆಳ್ಳಿಯ ಹಳೇ ಜೇಬು ಗಡಿಯಾರ ಕೊಂಡೆ. ಒಳಗಿನ ಹಿತ್ತಾಳೆ ತಟ್ಟೆಯ ಮೇಲೆ ಒಬ್ಬರ ಹೆಸರು, 'ಲಂಡನ್', ಒಂದು ನಂಬರ್ ಕೆತ್ತಿದೆ. ಕೇಸಿನಲ್ಲಿ ಸಿಂಹ, ಚಿರತೆ ಮುಖ, ಒಂದು ಅಕ್ಷರ, ಬೇರೆ ಯಾರದೋ ಇನಿಷಿಯಲ್. ಮಾಡಿದವರು ಯಾರು? ಕೀ ಬಲಕ್ಕೆ ತಿರುಗುತ್ತಲೇ ಇಲ್ಲ, ಕೆಟ್ಟಿದೆಯಾ?

ಉತ್ತರ: ಮೊದಲು ಆ ಕೀ ಬಿಡಿ! ಇಂಗ್ಲಿಷ್ ಫ್ಯೂಸಿ ವಾಚುಗಳಿಗೆ (ಒಳಗೆ ಚೈನು ಸುತ್ತಿದ ಗಾಲಿಯಿರುವ ಹಳೇ ವಾಚು) ಸಾಮಾನ್ಯವಾಗಿ ಎಡಕ್ಕೆ ಕೀ ಕೊಡಬೇಕು, ಬಲಕ್ಕೆ ಒತ್ತಿದರೆ ಏನಾದರೂ ಮುರಿದೀತು.

ಹೆಸರಿನ ವಿಷಯ. ಅದು ಬಹುಶಃ ಮಾರಿದ ಅಂಗಡಿಯವರದು. ನಮ್ಮಲ್ಲಿ ಒಡವೆ ಪೆಟ್ಟಿಗೆ ಮೇಲೆ ಅಂಗಡಿ ಹೆಸರಿರುತ್ತೆ, ಅಕ್ಕಸಾಲಿಗನ ಹೆಸರಿರುತ್ತಾ? ಹಾಗೇ ಇದು. ಆಗ ಲಿವರ್‌ಪೂಲ್ ಹತ್ತಿರದ ಪ್ರೆಸ್ಕಾಟ್‌ನಲ್ಲಿ ಒರಟು ಯಂತ್ರ ತಯಾರಾಗುತ್ತಿತ್ತು, ಲಂಡನ್ನಿನ ಕ್ಲರ್ಕನ್‌ವೆಲ್‌ನಲ್ಲೋ ಕವೆಂಟ್ರಿಯಲ್ಲೋ ಬೇರೆಯವರು ಅದನ್ನು ನಯ ಮಾಡಿ ಜೋಡಿಸುತ್ತಿದ್ದರು, ಡಯಲ್ ಒಬ್ಬರದು, ಮುಳ್ಳು ಇನ್ನೊಬ್ಬರದು. ಆ ಇನಿಷಿಯಲ್ ಕೇಸ್ ಮಾಡಿಸಿದವರದು, ಯಂತ್ರ ಮಾಡಿದವರದಲ್ಲ. ಇದರಲ್ಲಿ ಜಾಸ್ತಿ ಜನ ಎಡವುತ್ತಾರೆ.

ಸಿಂಹ ಎಂದರೆ ಶೇಕಡ 92.5 ಬೆಳ್ಳಿ. ಚಿರತೆ ಮುಖ ಲಂಡನ್ನಿನಲ್ಲಿ ಬೆಳ್ಳಿ ಪರೀಕ್ಷೆಯಾದ ಗುರುತು, ಬರ್ಮಿಂಗ್‌ಹ್ಯಾಮ್ ಆಗಿದ್ದರೆ ಲಂಗರು ಇರುತ್ತಿತ್ತು. ಸರಿಯಾದ ವರ್ಷ ಹೇಳುವುದು ಆ ಅಕ್ಷರ, ಆದರೆ ಅದೇ ಅಕ್ಷರ ಮತ್ತೆ ಮತ್ತೆ ಬರುತ್ತದೆ, ಹಾಗಾಗಿ ಅದರ ಬರಹದ ಶೈಲಿ, ಸುತ್ತಲಿನ ಚೌಕಟ್ಟು ಎರಡನ್ನೂ ನೋಡಿ. ಬೆಳ್ಳಿ ಪಾಲಿಶ್ ಮಾತ್ರ ಬೇಡ, ನಾನೇ ಒಮ್ಮೆ ಉಜ್ಜಿ ಉಜ್ಜಿ ಗುರುತು ಸವೆಸಿದ್ದೇನೆ.

ನನ್ನನ್ನು ಕೇಳಿದರೆ ಹೆಸರಿಗಿಂತ ಚೆಂದ ಒಳಗಿನ ಚೈನು. ಫ್ಯೂಸಿ ಅಂದರೆ ಬುಗುರಿ ಆಕಾರದ ಗಾಲಿ, ಅದಕ್ಕೆ ಚಾಟಿ ಸುತ್ತಿದ ಹಾಗೆ ಸೈಕಲ್ ಚೈನಿನಂಥದ್ದೇ ಕೂದಲೆಳೆಯಷ್ಟು ಸಪೂರ ಚೈನು. ಸ್ಪ್ರಿಂಗ್ ಬಿಗಿಯಾಗಿದ್ದಾಗ ಬುಗುರಿಯ ಸಣ್ಣ ತುದಿಯಲ್ಲಿ ಎಳೆಯುತ್ತೆ, ಸಡಿಲವಾದ ಹಾಗೆ ದಪ್ಪ ಕಡೆಗೆ ಬರುತ್ತೆ, ಬಲ ಒಂದೇ ಸಮ ಸಿಗುತ್ತೆ. ಇಂಗ್ಲೆಂಡಿನ ಕ್ರೈಸ್ಟ್‌ಚರ್ಚ್ ಎಂಬ ಊರಿನಲ್ಲಿ ಹೆಂಗಸರು, ಮಕ್ಕಳು ಇಂಥ ಚೈನು ಕಟ್ಟುತ್ತಿದ್ದರು. ಅವರ ಹೆಸರು ಯಾವ ವಾಚಿನ ಮೇಲೂ ಇಲ್ಲ.

ಎಣ್ಣೆ ಒಣಗಿರುತ್ತೆ, ಸುಮ್ನೆ ಓಡಿಸಬೇಡಿ, ಫ್ಯೂಸಿ ಗೊತ್ತಿರುವ ರಿಪೇರಿಯವರಿಗೆ ತೋರಿಸಿ. ಹಿಂದಿನ ಮುಚ್ಚಳದೊಳಗೆ ದುಂಡನೆಯ ಕಾಗದ ಸಿಕ್ಕರೆ ಎಸೆಯಬೇಡಿ. ರಿಪೇರಿಯವರು ಅಂಗಡಿ ವಿಳಾಸ ಅಚ್ಚು ಹಾಕಿಸಿ ಇಡುತ್ತಿದ್ದರು, ಕೆಲವರು ಅದರ ಹಿಂದೆ ತಾರೀಖನ್ನೂ ಬರೆದಿರುತ್ತಾರೆ.