ಕಾದಂಬರಿ ಅಲ್ಲೇ ಇರಲಿ, ಒಂದು ದೃಶ್ಯ ಮುಗಿಸಿ

ಓದುಗರ ಪತ್ರ: ಆರು ವರ್ಷದಿಂದ ಕೀಲುಗಳು ಊದಿ ನೋಯುವ ರುಮಟಾಯ್ಡ್ ಆರ್ತ್ರೈಟಿಸ್ ಕಾಯಿಲೆ ಇದೆ. ಕೆಲಸ ಬಿಟ್ಟಾಯಿತು. ಬದುಕಿಗೆ ಏನಾದರೂ ಗುರಿ ಬೇಕಲ್ಲ ಎಂದು ಕಾದಂಬರಿ ಶುರು ಮಾಡಿದೆ. ಮೈ ಹಗುರವಾಗಿದ್ದ ಹತ್ತು ದಿನ ನಾಲ್ಕೈದು ಗಂಟೆ ಕೂತು ಬರೆದೆ. 14,000 ಪದ ಆಯಿತು. ಆಮೇಲೆ ಕೀಲುಗಳು ಊದಿಕೊಂಡು ಒಂದೂವರೆ ತಿಂಗಳು ಪೆನ್ನು ಮುಟ್ಟಲಾಗಲಿಲ್ಲ. ಈಗ ತೆರೆದರೆ ಯಾರೋ ಬರೆದದ್ದು ಅನಿಸುತ್ತದೆ. ನನ್ನಂಥವರು ಬರವಣಿಗೆಯನ್ನು ನೆಚ್ಚಿಕೊಳ್ಳಬಹುದೆ? ದಿನಕ್ಕೆ ಎಷ್ಟು ಬರೆಯಬೇಕು?

ಸಂಪಾದಕರ ಉತ್ತರ: ನೆಚ್ಚಿಕೊಳ್ಳಬಹುದು. ಆದರೆ ಪುಟದ ಲೆಕ್ಕವನ್ನು ನೆಚ್ಚಿಕೊಂಡರೆ ಕಾಯಿಲೆ ಏಳುವ ಪ್ರತಿ ಸಲವೂ ಗುರಿಯೇ ಕೈತಪ್ಪಿತು ಅನಿಸುತ್ತದೆ. ಬರೆದದ್ದರಿಂದಲೇ ಹೀಗಾಯಿತು ಎಂದು ನಿಮ್ಮನ್ನು ನೀವು ಬೈದುಕೊಳ್ಳುವುದೂ ಬೇಡ. ಈ ಕಾಯಿಲೆ ಕಾರಣ ಹೇಳದೆಯೂ ಉಲ್ಬಣಿಸುತ್ತದೆ. ತಪ್ಪಿದ್ದು ಒಂದೇ ಕಡೆ: ಅತ್ಯುತ್ತಮ ದಿನದ ಶಕ್ತಿಯನ್ನು ನೋಡಿ ಇಡೀ ಕೆಲಸದ ಅಳತೆ ನಿಗದಿ ಮಾಡಿದಿರಿ.

ಮೊದಲು ಎರಡು ವಾರ ಒಂದು ಪಟ್ಟಿ ಇಡಿ. ಬರೆಯಲು ಕೂತ ಹೊತ್ತು, ಬರೆದ ನಿಮಿಷ, ಮಾರನೆಯ ದಿನ ಮೈ ಹೇಗಿತ್ತು, ಅದರ ಮಾರನೆಯ ದಿನ ಹೇಗಿತ್ತು, ಇಷ್ಟೇ ಸಾಕು. ಕೊನೆಯ ಎರಡು ಕಾಲಂಗಳೇ ಮುಖ್ಯ, ಏಕೆಂದರೆ ದಣಿವು ಎಷ್ಟೋ ಸಲ ತಡವಾಗಿ ಬರುತ್ತದೆ. ಎಂಇ ಎಂದು ಕರೆಯುವ ದೀರ್ಘಕಾಲದ ಆಯಾಸದ ಕಾಯಿಲೆ ಇರುವವರಿಗಂತೂ ತಲೆಯ ಕೆಲಸದ ದಂಡವೂ 12ರಿಂದ 48 ಗಂಟೆ ಕಳೆದ ಮೇಲೆ ಬರುವುದುಂಟು. ಬರೆಯುತ್ತಿರುವಾಗ ಚೆನ್ನಾಗಿಯೇ ಇತ್ತು ಎನ್ನುವುದು ಅವರ ಮಟ್ಟಿಗೆ ಏನನ್ನೂ ಹೇಳುವುದಿಲ್ಲ. ಸಾಧಾರಣ ದಿನದಲ್ಲಿ ತೊಂದರೆಯಿಲ್ಲದೆ ಅರ್ಧ ಗಂಟೆ ಆಗುತ್ತದೆ ಎಂದು ಪಟ್ಟಿ ಹೇಳಿದರೆ ನಿಮ್ಮ ಮಿತಿ ಅದರ ಅರ್ಧ, 15 ನಿಮಿಷ. ಅದನ್ನೂ 7–8 ನಿಮಿಷದ ಎರಡು ಭಾಗ ಮಾಡಿ, ನಡುವೆ ಕಣ್ಣು ಮುಚ್ಚಿ ಕೈ ಚಾಚಿ ಕೂತಿರಿ. ಮೊಬೈಲ್ ನೋಡುವುದು ವಿಶ್ರಾಂತಿಯಲ್ಲ. ಒಳ್ಳೆಯ ದಿನ ಬಂದಾಗಲೂ ಮಿತಿಯ ಹೊತ್ತು ಮುಗಿದ ತಕ್ಷಣ ಏಳಬೇಕು. ಇದೇ ಎಲ್ಲಕ್ಕಿಂತ ಕಷ್ಟದ ನಿಯಮ, ಮುರಿಯುವುದೂ ಇದನ್ನೇ. ಸ್ಟಿರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಇನ್ನೊಂದನ್ನು ಗಮನಿಸಬೇಕು. ಕೆಲವರಿಗೆ ಅದು ನಿದ್ದೆ ಕೆಡಿಸಿ ಮನಸ್ಸಿಗೆ ವಿಪರೀತ ಹುರುಪು ಕೊಡುತ್ತದೆ. ರಾತ್ರಿ ಎರಡು ಗಂಟೆಗೆ ಉಕ್ಕುವ ಅಧ್ಯಾಯವನ್ನು ಸ್ಫೂರ್ತಿ ಎಂದು ನಂಬಿ ಬೆಳಗಿನವರೆಗೆ ಬರೆಯಬೇಡಿ. ಎರಡು ಸಾಲು ಗುರುತು ಹಾಕಿಕೊಂಡು ಮಲಗಿ, ನಿದ್ದೆಯ ತೊಂದರೆಯನ್ನು ವೈದ್ಯರಿಗೆ ಹೇಳಿ.

ಈ ಕಾಯಿಲೆಯಲ್ಲಿ ಬೆಳಗಿನ ಬಿಗಿತ ಬಿಡಲು ಒಂದು ಗಂಟೆಗೂ ಹೆಚ್ಚು ಹಿಡಿಯುವುದು ಸಾಮಾನ್ಯ. ಹಾಗಾಗಿ ‘ಎದ್ದ ಕೂಡಲೇ ಬರೆಯಿರಿ’ ಎಂಬ ಸಲಹೆಯನ್ನು ಆಚೆಗಿಡಿ. ಬಾಲ್‌ಪೆನ್ನನ್ನು ಒತ್ತಿ ಬರೆಯಬೇಕು. ಜೆಲ್ ಪೆನ್ನು ಅಷ್ಟು ಒತ್ತಡ ಕೇಳುವುದಿಲ್ಲ. ಹಿಡಿ ದಪ್ಪವಿದ್ದರೆ ಬೆರಳು ಬಿಗಿಯಾಗಿ ಮಡಚುವುದು ತಪ್ಪುತ್ತದೆ, ಪೆನ್ನಿಗೆ ಬಟ್ಟೆ ಸುತ್ತಿದರೂ ಸಾಕು. ಮೊಬೈಲಿನಲ್ಲಿ ಹೆಬ್ಬೆರಳಿಂದ ಉದ್ದಕ್ಕೆ ಟೈಪ್ ಮಾಡಿದರೆ ಹೆಬ್ಬೆರಳ ಬುಡದ ಕೀಲು ನೋಯುತ್ತದೆ. ಹೇಳಿ ಬರೆಸುವ ಸೌಲಭ್ಯ ಕನ್ನಡದಲ್ಲೂ ಇದೆ. ಆದರೆ ಹ್ರಸ್ವ-ದೀರ್ಘ ತಪ್ಪುತ್ತದೆ, ಆಡುಮಾತು ಗ್ರಾಂಥಿಕವಾಗಿಬಿಡುತ್ತದೆ, ಎರಡು ಪದ ಅಂಟಿಕೊಳ್ಳುತ್ತವೆ. ಒಂದೊಂದೇ ವಾಕ್ಯ ಹೇಳಿ, ತಡೆದು, ಮುಂದೆ ಹೋಗಿ. ಹೇಳಿದ್ದನ್ನು ಅದೇ ದಿನ ಓದಿ ತಿದ್ದಿ. ವಾರ ಬಿಟ್ಟರೆ ‘ಅವನ ಮನ ಕದ’ ಎಂದು ಬಿದ್ದಿರುವುದು ಮೂಲದಲ್ಲಿ ‘ಮನೆ ಕದ’ ಆಗಿತ್ತೆ ಎಂಬುದು ನಿಮಗೇ ನೆನಪಿರುವುದಿಲ್ಲ.

ತೆರೆದರೆ ಯಾರೋ ಬರೆದದ್ದು ಅನಿಸುತ್ತದೆ ಎಂದಿದ್ದೀರಿ. ಬಿಡುವಿನ ನಂತರ ಮರಳುವ ದಾರಿಯನ್ನು ಬಿಡುವಿಗೆ ಮೊದಲೇ ಮಾಡಿಡಬೇಕು. ಇಲ್ಲದಿದ್ದರೆ ಚೇತರಿಸಿಕೊಂಡ ಮೊದಲ ವಾರವೆಲ್ಲ ಹಿಂದಿನ ಪುಟ ಓದುವುದಕ್ಕೇ ಹೋಗುತ್ತದೆ, ಓದುತ್ತಾ ತಿದ್ದಲು ಕೈ ಹಾಕಿದರೆ ಅಲ್ಲೇ ಮುಗಿಯಿತು. ಪಾತ್ರಗಳ ಹೆಸರು, ವಯಸ್ಸು, ಸಂಬಂಧ, ಯಾರಿಗೆ ಯಾವ ಗುಟ್ಟು ಗೊತ್ತು, ಇವು ಒಂದೇ ಹಾಳೆಯಲ್ಲಿರಲಿ. ತಲೆಗೆ ಮಂಕು ಕವಿದ ದಿನಗಳಲ್ಲಿ ಸರೋಜ ಸುಜಾತಳಾಗುವುದು, ಸತ್ತ ಮಾವ ಮತ್ತೆ ಬಾಗಿಲು ತಟ್ಟುವುದು ನಡೆದೇ ನಡೆಯುತ್ತದೆ. ಅದರ ಜೊತೆಗೆ, ಪ್ರತಿ ಸಲ ಏಳುವ ಮುನ್ನ, ಮಿತಿಯೊಳಗಿನ ಕೊನೆಯ ನಿಮಿಷದಲ್ಲಿ ಒಂದು ಚೀಟಿ ಬರೆಯಿರಿ: ‘ಸರೋಜ ಕದ ತೆಗೆದಿದ್ದಾಳೆ. ಹೊರಗಿರುವವನು ತಮ್ಮ ಎಂದು ಇನ್ನೂ ಗುರುತು ಸಿಕ್ಕಿಲ್ಲ. ಮುಂದೆ: ಅವನ ಚಪ್ಪಲಿ ನೋಡುತ್ತಾಳೆ.’ ‘ಮುಂದಿನ ಅಧ್ಯಾಯ ಬರೆಯಬೇಕು’ ಎಂಬ ಚೀಟಿ ನಿಷ್ಪ್ರಯೋಜಕ. ಚಪ್ಪಲಿ ಎಂದಿದ್ದರೆ ಒಂದೂವರೆ ತಿಂಗಳ ನಂತರವೂ ಮೊದಲ ವಾಕ್ಯ ಸಿಗುತ್ತದೆ.

ಇನ್ನು ಕಾದಂಬರಿ. 60,000 ಪದದ ಕಾದಂಬರಿಗೆ ದಿನಕ್ಕೆ 100 ಪದದಂತೆ 600 ಬರೆಯುವ ದಿನ ಬೇಕು. ಕಾಯಿಲೆ ಏಳುವ ದಿನ ಸೇರಿಸಿದರೆ ಮೂರು ವರ್ಷವೂ ಆದೀತು. ಅಷ್ಟು ಕಾಲ ಏನೂ ಮುಗಿಯದೆ ಇರುವುದು ಆರೋಗ್ಯವಂತರಿಗೇ ಭಾರ. ಇರುವ 14,000 ಪದಗಳನ್ನು ದೃಶ್ಯಗಳಾಗಿ ಒಡೆಯಿರಿ. 600–800 ಪದದಲ್ಲಿ ತನ್ನಷ್ಟಕ್ಕೆ ನಿಲ್ಲುವಂಥದ್ದನ್ನು ಆರಿಸಿ ಬಿಡಿ ಕತೆಯಾಗಿ ಮುಗಿಸಿ. ಅದೇ ಊರು, ಅದೇ ಜನರ ಹತ್ತು ಹದಿನೈದು ಕತೆ ಆದ ಮೇಲೆ ಕಾದಂಬರಿ ಬೇಕೆ ಎಂದು ಯೋಚಿಸಬಹುದು. ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೆಯೇ ತಿರುಗಿಬೀಳುವ ಲೂಪಸ್ ಕಾಯಿಲೆ ಇದ್ದ ಅಮೆರಿಕದ ಕತೆಗಾರ್ತಿ ಫ್ಲಾನರಿ ಓಕಾನರ್ ಬರೆಯುವುದನ್ನು ಬೆಳಗಿನ ಎರಡು ಮೂರು ಗಂಟೆಗೆ ಸೀಮಿತಗೊಳಿಸಿಕೊಂಡಿದ್ದರು. ಎರಡು ಮೂರು ಗಂಟೆ ಎಲ್ಲರಿಗೂ ಸಾಧ್ಯವಿಲ್ಲ. ಗಮನಿಸಬೇಕಾದದ್ದು ಆ ಮಿತಿಯನ್ನು.

ಮನಸ್ಸಿನಲ್ಲಿದ್ದದ್ದನ್ನು ಬರೆದರೆ ಕಾಯಿಲೆಯೇ ಇಳಿಯುತ್ತದೆ ಎನ್ನುವವರೂ ನಿಮಗೆ ಸಿಕ್ಕಿರಬೇಕು. ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1980ರ ದಶಕದಲ್ಲಿ ಶುರು ಮಾಡಿದ ವಿಧಾನ ಅದು: 15–20 ನಿಮಿಷ, ಮೂರು ನಾಲ್ಕು ದಿನ, ಬದುಕಿನ ಘಾಸಿಯ ಬಗ್ಗೆ ಯಾರಿಗೂ ತೋರಿಸದೆ ಬರೆಯುವುದು. ಆಸ್ತಮಾ ಮತ್ತು ನಿಮ್ಮದೇ ಕಾಯಿಲೆ ಇರುವವರ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನಾಲ್ಕು ತಿಂಗಳ ನಂತರ ಸುಧಾರಣೆ ಕಂಡಿತ್ತು. ನಂತರದ ಅಧ್ಯಯನಗಳ ಫಲಿತಾಂಶ ಒಂದೇ ತೆರನಾಗಿಲ್ಲ, ಕಂಡ ಪರಿಣಾಮವೂ ಸಣ್ಣದು. ಮಾಡಿ ನೋಡಬಹುದು; ಬರೆಯುತ್ತಾ ತಡೆಯಲಾರದಷ್ಟು ಕಲಕಿದರೆ ನಿಲ್ಲಿಸಿ. ಔಷಧಿಗೆ ಅದು ಬದಲಿಯಲ್ಲ, ಕತೆಗೂ ಅಲ್ಲ. ಎರಡಕ್ಕೂ ಬೇರೆ ಬೇರೆ ನೋಟುಪುಸ್ತಕ ಇಡಿ.

ಕಾಯಿಲೆಯನ್ನೇ ಕತೆಗೆ ತರುವುದಾದರೆ ಒಂದು ಮಾತು. ಇಂಥ ಹಸ್ತಪ್ರತಿಗಳಲ್ಲಿ ಪರೀಕ್ಷೆಯ ವರದಿ, ದಿನಾಂಕ, ಮಾತ್ರೆಯ ಹೆಸರು ತುಂಬಿರುತ್ತವೆ, ಕೊನೆಗೆ ‘ನೋವು ಸಹಿಸಲಸಾಧ್ಯವಾಗಿತ್ತು’ ಎಂದಿರುತ್ತದೆ. ಓದುಗನಿಗೆ ಏನೂ ತಾಕುವುದಿಲ್ಲ. ‘ಅಂಗಿಯ ಮೂರನೆಯ ಗುಂಡಿಗೆ ಬರುವಷ್ಟರಲ್ಲಿ ಅಕ್ಕ ಬಂದು ಹಾಕಿದಳು. ನಾನು ಗೋಡೆ ನೋಡುತ್ತಿದ್ದೆ’ ಎಂದರೆ ನೋವೂ ಬಂತು, ನಾಚಿಕೆಯೂ ಬಂತು. ಅಕ್ಕ ನಿಜವಾದ ಅಕ್ಕನಾದರೆ ಅಚ್ಚಿಗೆ ಕೊಡುವ ಮೊದಲು ಅವರಿಗೆ ಓದಿಸಿ.

ಏಳಲಾಗದ ದಿನ ಬರೆಯಬೇಡಿ. ಬೇಕೆನಿಸಿದರೆ ಮನೆಯಲ್ಲಿ ಕಿವಿಗೆ ಬಿದ್ದ ಒಂದು ಮಾತನ್ನು ಫೋನಿಗೆ ಹೇಳಿಟ್ಟುಕೊಳ್ಳಿ, ಅದೂ ಆಗದಿದ್ದರೆ ಬಿಡಿ. ಗುರಿಯ ಪ್ರಶ್ನೆಗೆ ನಮಗೆ ತೋಚುವುದು, ದಿನಕ್ಕಿಷ್ಟು ಪದ ಎನ್ನುವ ಬದಲು ಒಬ್ಬ ಓದುಗರನ್ನು ಗೊತ್ತು ಮಾಡಿಕೊಳ್ಳುವುದು. ಒಂದೆರಡು ತಿಂಗಳಿಗೊಮ್ಮೆ ಮುಗಿದದ್ದನ್ನು ಅವರಿಗೆ ಓದಿ ಹೇಳಿ. ‘ಚೆನ್ನಾಗಿದೆ’ ಎಂದಷ್ಟೇ ಹೇಳುವವರು ಬೇಡ, ‘ಇಲ್ಲಿ ಅರ್ಥವಾಗಲಿಲ್ಲ’ ಎನ್ನುವವರು ಬೇಕು. ಸ್ಪರ್ಧೆಗಳ ಕೊನೆಯ ದಿನಾಂಕ ನೋಡಿ ಬರೆಯಲು ಕೂರಬೇಡಿ. ಮುಗಿದ ಕತೆ ಕೈಯಲ್ಲಿದ್ದಾಗ ಮಾತ್ರ ಕಳಿಸಿ. ಯಾವ ಪತ್ರಿಕೆಯಾದರೂ ಲೇಖನ ಕೇಳಿದರೆ ನಿಮಗೆ ಬೇಕೆನಿಸಿದ ಸಮಯದ ಎರಡರಷ್ಟು ಕೇಳಿ. ಕಾರಣ ಹೇಳಲೇಬೇಕೆಂದಿಲ್ಲ.

ನಮಗೂ ಒಂದು ಕಳಿಸಿ. ಇಡೀ ಕಾದಂಬರಿ ಬೇಡ, ಮುಗಿದ ಒಂದು ದೃಶ್ಯ. ಟೈಪ್ ಮಾಡಲಾಗದಿದ್ದರೆ ನಿಮ್ಮ ಧ್ವನಿಯಲ್ಲೇ ಓದಿ ಕಳಿಸಬಹುದು, ಅಕ್ಷರಕ್ಕಿಳಿಸುವ ಕೆಲಸ ಇಲ್ಲಿ ಆಗುತ್ತದೆ. ಕೊನೆಯ ದಿನಾಂಕ ಇಲ್ಲ.