ಗೋಡೆಗೂ ದಪ್ಪ ಇದೆ ಸರ್, ದುಡ್ಡು ಕಟ್ಟೋ ಮುಂಚೆ ಪ್ಲಾನ್ ಇನ್ನೊಂದ್ಸಲ ನೋಡಿ

ಸರ್, ಆ್ಯಪ್‌ನಲ್ಲಿ ನೀವೇ ಬಿಡಿಸಿ ಇಲ್ಲಿ ಹಾಕಿರೋ ಮನೆ ಪ್ಲಾನ್ ನೋಡಿದೆ. ದಯವಿಟ್ಟು ಸೋಮವಾರ ಮೇಸ್ತ್ರಿ ಕೈಗೆ ಅದರ ಪ್ರಿಂಟ್ ಕೊಡಬೇಡಿ. ಆ್ಯಪ್‌ನ ವರ್ಷದ ಸಬ್‌ಸ್ಕ್ರಿಪ್ಷನ್ ಆಫರ್ ಇವತ್ತೇ ಮುಗಿಯುತ್ತೆ, ತಗೊಳ್ಳಲಾ ಅಂತ ಕೇಳಿದೀರಲ್ಲ, ಅದಕ್ಕೆ ಆಮೇಲೆ ಬರ್ತೀನಿ. ಮೊದಲು ನೀವು ಹಾಕಿರೋ ಸ್ಕ್ರೀನ್‌ಶಾಟ್‌ಗಳ ವಿಷಯ. 3ಡಿ ಚಿತ್ರ ನೋಡಿ ಎಲ್ಲರೂ ಸೂಪರ್ ಅಂದಿದಾರೆ, ಪ್ಲಾನ್ ಮೇಲಿರೋ ಅಳತೆ ಯಾರೂ ಕೂಡಿ ನೋಡಿಲ್ಲ.

ನಿಮ್ಮದು 30x40 ಸೈಟು. ಎರಡೂ ಪಕ್ಕ 3 ಅಡಿ ಬಿಟ್ಟಿದೀರಿ, ಉಳಿದಿದ್ದು 24 ಅಡಿ. ಅದರಲ್ಲಿ ಒಂದು ರೂಮು 10, ಪ್ಯಾಸೇಜು 4, ಇನ್ನೊಂದು ರೂಮು 10. ಕೂಡಿದರೆ ಕರೆಕ್ಟಾಗಿ 24. ಹಂಗಾದ್ರೆ ಗೋಡೆ ಎಲ್ಲಿ ಕಟ್ಟೋದು? ಹೊರಗೋಡೆ 8 ಇಂಚಿನ ಬ್ಲಾಕ್ ಎರಡು, ಒಳಗೋಡೆ 6 ಇಂಚಿನದು ಎರಡು, ಒಟ್ಟು 28 ಇಂಚು. ಅದರ ಮೇಲೆ ಪ್ಲಾಸ್ಟರಿಂಗ್. ಒಳಗಿನ ಮುಖ ಆರು, ಒಂದೊಂದಕ್ಕೆ ಅರ್ಧ ಇಂಚು ಅಂತ ಹಿಡಿದರೂ ಇನ್ನೊಂದು 3 ಇಂಚು ಹೋಯ್ತು. ನಿಮಗೆ ನಿಜವಾಗಿ ಸಿಗೋ ಜಾಗ 21 ಅಡಿ 5 ಇಂಚು. ಎರಡು ರೂಮನ್ನೂ ಒಳ ಅಳತೆ 10 ಅಡಿ ಬರೋ ಹಂಗೆ ಕಟ್ಟಿದರೆ ಪ್ಯಾಸೇಜಿಗೆ ಉಳಿಯೋದು 1 ಅಡಿ 5 ಇಂಚು. ತುಂಬಿದ ಬಿಂದಿಗೆ ಹಿಡ್ಕೊಂಡು ಅಲ್ಲಿ ನಡೆಯೋಕಾಗಲ್ಲ.

ಇದು ಸಾಫ್ಟ್‌ವೇರ್ ತಪ್ಪಲ್ಲ, ಅದು ಲೆಕ್ಕ ಹಾಕೋ ರೀತಿಯೇ ಹಂಗೆ. ಸ್ವೀಟ್ ಹೋಮ್ 3ಡಿ ಅನ್ನೋ ಪ್ಲಾನ್ ಸಾಫ್ಟ್‌ವೇರ್‌ನಲ್ಲಿ, ಅದರ ಥರದ ಇನ್ನೂ ಕೆಲವದರಲ್ಲಿ, ಗೋಡೆ ಎಳೆದಾಗ ನಿಮ್ಮ ಗೆರೆ ಗೋಡೆಯ ಮಧ್ಯದಲ್ಲಿ ಹೋಗುತ್ತೆ. 10 ಅಡಿ ಅಂತ ಟೈಪ್ ಮಾಡಿದರೆ ಅದು ಸೆಂಟರ್ ಟು ಸೆಂಟರ್. ಒಂದು ಕಡೆ 8 ಇಂಚಿನ ಗೋಡೆ, ಇನ್ನೊಂದು ಕಡೆ 6 ಇಂಚಿನದು ಇದ್ದರೆ ಒಳಗೆ 9 ಅಡಿ 5 ಇಂಚು, ಪ್ಲಾಸ್ಟರ್ ಕಳೆದರೆ 9 ಅಡಿ 4 ಇಂಚು. ನಮ್ಮ ಮನೆ ಮೇಲಿನ ರೂಮಲ್ಲಿ ಆಗಿದ್ದು ಇದೇ. 6 ಅಡಿ ಅಗಲದ ಮಂಚ, ಅದರ ಪಕ್ಕದ ಗೋಡೆಗೆ 2 ಅಡಿ ಆಳದ ವಾರ್ಡ್‌ರೋಬ್. ಮಧ್ಯ 2 ಅಡಿ ಸಿಗಬೇಕಿತ್ತು, ಸಿಕ್ಕಿದ್ದು 16 ಇಂಚು. ವಾರ್ಡ್‌ರೋಬ್ ಬಾಗಿಲು 18 ಇಂಚು, ಪೂರ್ತಿ ತೆಗೆಯೋಕೇ ಬರಲ್ಲ. ಕೊನೆಗೆ ಬಾಗಿಲು ಕಿತ್ತು ಸ್ಲೈಡಿಂಗ್ ಹಾಕಿಸಿದ್ದಾಯ್ತು.

ಹಂಗಾಗಿ ಯಾವ ಸಾಫ್ಟ್‌ವೇರ್ ಆದರೂ ಸರಿ, ತೆರೆದ ತಕ್ಷಣ ಸೆಟ್ಟಿಂಗ್ಸ್‌ಗೆ ಹೋಗಿ ಯೂನಿಟ್ ಅಡಿ-ಇಂಚು ಮಾಡಿ, ಗೋಡೆ ದಪ್ಪ ಬದಲಾಯಿಸಿ, ಎತ್ತರ ಬದಲಾಯಿಸಿ. ಅಮೆರಿಕದವರ ಒಳಗೋಡೆ ಮರದ ಚೌಕಟ್ಟಿಗೆ ಎರಡೂ ಕಡೆ ಬೋರ್ಡ್ ಹೊಡೆದಿದ್ದು, ಒಟ್ಟು ದಪ್ಪ ನಾಲ್ಕೂವರೆ ಇಂಚು, ಎತ್ತರ ಸಾಮಾನ್ಯವಾಗಿ 8 ಅಡಿ. ಅವರ ಆ್ಯಪ್‌ನಲ್ಲಿ ಮೊದಲೇ ಕೂತಿರೋದು ಅವರ ಲೆಕ್ಕ. ನಮ್ಮ ಬ್ಲಾಕ್ ಗೋಡೆಗೂ 10 ಅಡಿ ಸೀಲಿಂಗಿಗೂ ಅದು ಹೊಂದಲ್ಲ. ಗೋಡೆ ಎಳೆದಾದ ಮೇಲೆ ಡೈಮೆನ್ಷನ್ ಟೂಲ್ ತಗೊಂಡು ಗೋಡೆಯ ಒಳಮುಖದಿಂದ ಒಳಮುಖಕ್ಕೆ ಅಳತೆ ಹಾಕಿ. ಮೇಸ್ತ್ರಿಗೆ, ಬಡಗಿಗೆ, ಮಾಡ್ಯುಲರ್ ಕಿಚನ್‌ನವರಿಗೆ ಬೇಕಾಗಿರೋದು ಆ ಅಂಕಿ.

ಇದಕ್ಕಿಂತ ದೊಡ್ಡ ವಿಷಯ ನಿಮ್ಮ ಮೆಟ್ಟಿಲು. ಅದನ್ನ ನೋಡಿ ನನಗೆ ನಿಜವಾಗಲೂ ಗಾಬರಿ ಆಯ್ತು.

ಕ್ಯಾಟಲಾಗ್‌ನಿಂದ ಮೆಟ್ಟಿಲು ಎಳೆದು 6x8 ಅಡಿ ಜಾಗಕ್ಕೆ ಕೂರಿಸಿದೀರಿ. ಆ ಮಾಡೆಲ್ಲು ರಬ್ಬರ್ ಇದ್ದಂಗೆ, ಯಾವ ಅಳತೆಗೆ ಎಳೆದರೂ ಬರುತ್ತೆ, 3ಡಿಯಲ್ಲಿ ಚೆನ್ನಾಗೇ ಕಾಣುತ್ತೆ, ಯಾವ ಎಚ್ಚರಿಕೆನೂ ಕೊಡಲ್ಲ. ಲೆಕ್ಕ ಹಾಕಿ ನೋಡಿ. ಕೆಳಗಿನ ನೆಲದಿಂದ ಮೇಲಿನ ನೆಲಕ್ಕೆ ಸ್ಲ್ಯಾಬ್ ಸೇರಿ 10 ಅಡಿ 6 ಇಂಚು ಅಂದ್ಕೊಳ್ಳಿ, ಅಂದ್ರೆ 126 ಇಂಚು. ರೈಸರ್, ಅಂದ್ರೆ ಒಂದು ಮೆಟ್ಟಿಲ ಎತ್ತರ, 7 ಇಂಚು ಅಂದ್ರೆ 18 ರೈಸರ್. ಡಾಗ್ ಲೆಗ್ (ಮಧ್ಯ ಲ್ಯಾಂಡಿಂಗ್ ಅನ್ನೋ ಚಪ್ಪಟೆ ಜಾಗದಲ್ಲಿ ವಾಪಸ್ ತಿರುಗೋ ಎರಡು ಸಾಲಿನ ಮೆಟ್ಟಿಲು) ಮಾಡಿದರೆ 9 ಮತ್ತು 9. ಒಂಬತ್ತನೇದು ಹತ್ತಿದರೆ ಲ್ಯಾಂಡಿಂಗೇ ಸಿಗುತ್ತೆ, ಹಂಗಾಗಿ ಒಂದೊಂದು ಕಡೆ ಟ್ರೆಡ್, ಅಂದ್ರೆ ಪಾದ ಇಡೋ ಹಲಗೆ, 8. ಟ್ರೆಡ್ 10 ಇಂಚು ಬೇಕು, ನ್ಯಾಷನಲ್ ಬಿಲ್ಡಿಂಗ್ ಕೋಡ್ ಕೂಡ ಮನೆ ಮೆಟ್ಟಿಲಿಗೆ ಟ್ರೆಡ್ 250 ಮಿಲಿಮೀಟರ್‌ಗಿಂತ ಕಮ್ಮಿ ಬೇಡ, ರೈಸರ್ 190 ಮಿಲಿಮೀಟರ್ ಮೀರಬಾರದು ಅನ್ನುತ್ತೆ. 8 ಟ್ರೆಡ್ಡಿಗೆ 80 ಇಂಚು, ಲ್ಯಾಂಡಿಂಗ್ 3 ಅಡಿ, ಸೇರಿ 9 ಅಡಿ 8 ಇಂಚು. ಮೊದಲನೇ ಮೆಟ್ಟಿಲ ಮುಂದೆ ನಿಂತ್ಕೊಳ್ಳೋಕೆ 3 ಅಡಿ ಬೇರೆ. ಅಗಲ, 3 ಅಡಿಯ ಎರಡು ಸಾಲು ಅಂದ್ರೂ ಮಧ್ಯದ ಗ್ಯಾಪ್ ಸೇರಿ 6 ಅಡಿ ದಾಟುತ್ತೆ. ನೀವು ಕೊಟ್ಟಿರೋ 8 ಅಡಿಯಲ್ಲಿ ಲ್ಯಾಂಡಿಂಗ್ ಕಳೆದರೆ 60 ಇಂಚು, ಭಾಗಿಸಿದರೆ ಟ್ರೆಡ್ಡು ಏಳೂವರೆ ಇಂಚು. ಪಾದ ಪೂರ್ತಿ ಊರೋಕೆ ಜಾಗ ಇಲ್ಲ.

ನಮ್ಮ ಭಾವನ ಮನೆಯಲ್ಲಿ ಇದೇ ಅಳತೆಯ ಮೆಟ್ಟಿಲಿದೆ. ಪ್ಲಾನ್‌ನಲ್ಲಿ ಜಾಗ ಇಷ್ಟೇ ಬಿಟ್ಟಿತ್ತು, ಕಾಲಂ ಆಗಲೇ ಎದ್ದಿತ್ತು, ಮೇಸ್ತ್ರಿ ಏನು ಮಾಡಬೇಕು? ಲ್ಯಾಂಡಿಂಗ್‌ನಲ್ಲೇ ಮೂಲೆಗೆ ಚೂಪಾಗಿ ಮೂರು ಮೆಟ್ಟಿಲು ತಿರುಗಿಸಿ ಹೊಂದಿಸಿಬಿಟ್ರು. ಈಗ ಅತ್ತೆ ಇಳಿಯೋವಾಗ ಗೋಡೆ ಕಡೆ ಮುಖ ಮಾಡಿ, ಎರಡೂ ಕೈಯಲ್ಲಿ ರೈಲಿಂಗ್ ಹಿಡಿದು, ಪಾದ ಅಡ್ಡ ಇಟ್ಟು ಒಂದೊಂದೇ ಮೆಟ್ಟಿಲು ಇಳೀತಾರೆ. ದೇವರ ಮನೆ ಮೇಲಿದೆ, ದಿನಾ ಹತ್ತಲೇಬೇಕು. ಬೀರು ಆ ತಿರುವಲ್ಲಿ ಹೋಗದೆ ಬಾಲ್ಕನಿಯಿಂದ ಹಗ್ಗ ಕಟ್ಟಿ ಎಳೆದ್ರು. ಬಣ್ಣ, ಟೈಲ್ಸು ಯಾವಾಗ ಬೇಕಾದ್ರೂ ಬದಲಾಯಿಸಬಹುದು. ಮೆಟ್ಟಿಲು ಆರ್‌ಸಿಸಿ, ಒಂದ್ಸಲ ಕಾಂಕ್ರೀಟ್ ಬಿದ್ದರೆ ಮುಗೀತು.

ಇನ್ನೊಂದು, ಲ್ಯಾಂಡಿಂಗ್ ಕೆಳಗೆ ಟಾಯ್ಲೆಟ್ ತೋರಿಸಿದೀರಿ. 9 ರೈಸರ್ ಅಂದ್ರೆ ಲ್ಯಾಂಡಿಂಗ್ ಇರೋದು 63 ಇಂಚು ಎತ್ತರದಲ್ಲಿ, ಸ್ಲ್ಯಾಬ್ 5 ಇಂಚು ಕಳೆದರೆ 4 ಅಡಿ 10 ಇಂಚು. ದೊಡ್ಡವರು ನೆಟ್ಟಗೆ ನಿಲ್ಲೋಕಾಗಲ್ಲ. ಅಲ್ಲಿ ಯುಪಿಎಸ್ ಇಡಿ, ಚಪ್ಪಲಿ ಸ್ಟ್ಯಾಂಡ್ ಇಡಿ, ಟಾಯ್ಲೆಟ್ ಬೇಡ. ಮೇಲಿಂದ ನೋಡೋ ಪ್ಲಾನ್‌ನಲ್ಲಿ ಈ ಥರದ್ದು ಕಣ್ಣಿಗೆ ಬೀಳೋದೇ ಇಲ್ಲ. ಮೆಟ್ಟಿಲು ಇರೋ ಕಡೆ ಒಂದು ಸೆಕ್ಷನ್ (ಮನೆ ಸೀಳಿ ಪಕ್ಕದಿಂದ ನೋಡಿದಂಗೆ ಕಾಣೋ ಚಿತ್ರ) ಕೈಯಲ್ಲೇ ಗ್ರಾಫ್ ಶೀಟ್ ಮೇಲೆ ಬರೀರಿ, ಅದಕ್ಕೆ ಯಾವ ಸಾಫ್ಟ್‌ವೇರೂ ಬೇಡ.

ಈಗ ಸಬ್‌ಸ್ಕ್ರಿಪ್ಷನ್ ವಿಷಯ. ಸ್ವಂತ ಮನೆ ಒಂದು ಕಟ್ಟೋರಿಗೆ ವರ್ಷದ ಪ್ಲಾನ್ ಯಾಕೆ ಸರ್? ನೀವು ಗಟ್ಟಿಯಾಗಿ ಕೂತು ಬಿಡಿಸೋದು ಒಂದೆರಡು ತಿಂಗಳು, ಆಮೇಲೆ ತೆರೆಯೋದೂ ಇಲ್ಲ. ತಿಂಗಳ ಲೆಕ್ಕದಲ್ಲಿ ತಗೊಂಡರೆ ತಿಂಗಳಿಗೆ ರೇಟ್ ಜಾಸ್ತಿ ಕಂಡರೂ ಒಟ್ಟು ಕಮ್ಮಿ ಬೀಳುತ್ತೆ. ಡಾಲರ್ ರೇಟ್ ತೋರಿಸಿದರೆ ಜಿಎಸ್‌ಟಿ 18 ಪರ್ಸೆಂಟ್ ಸೇರಿದೆಯಾ ನೋಡಿ, ಕಾರ್ಡಿನವರು ಫಾರಿನ್ ಕರೆನ್ಸಿಗೆ ಹಾಕೋ ಚಾರ್ಜು ಬೇರೆ. ಫೋನಿಂದ ಆ್ಯಪ್ ತೆಗೆದುಬಿಟ್ರೆ ಸಬ್‌ಸ್ಕ್ರಿಪ್ಷನ್ ನಿಲ್ಲಲ್ಲ, ಪ್ಲೇ ಸ್ಟೋರ್ ಒಳಗೆ ಹೋಗಿ ಕ್ಯಾನ್ಸಲ್ ಮಾಡಬೇಕು. ಆಟೋ ಡೆಬಿಟ್‌ಗೆ 24 ಗಂಟೆ ಮುಂಚೆ ಮೆಸೇಜ್ ಬರಬೇಕು ಅನ್ನೋ ರಿಸರ್ವ್ ಬ್ಯಾಂಕ್ ನಿಯಮ 2021ರ ಅಕ್ಟೋಬರ್‌ನಿಂದ ಗಟ್ಟಿಯಾಗಿ ಜಾರಿಯಲ್ಲಿದೆ. ಆ ಮೆಸೇಜ್ ಬಂದಾಗ ಓದದೆ ಡಿಲೀಟ್ ಮಾಡಬೇಡಿ.

ಕೊಳ್ಳೋ ಮುಂಚೆ ನಾನು ನೋಡೋದು ಒಂದೇ, ನಾನು ಬರೆದಿದ್ದು ನನ್ನ ಕೈಗೆ ವಾಪಸ್ ಬರುತ್ತಾ? ಫ್ರೀ ಟ್ರಯಲ್‌ನಲ್ಲೇ ನಾಲ್ಕು ಗೋಡೆ ಎಳೆದು, ಸ್ಕೇಲ್ ಪ್ರಕಾರ ಪಿಡಿಎಫ್ ತೆಗೆಯೋಕೆ ಬರುತ್ತಾ, ಡಿಎಕ್ಸ್‌ಎಫ್ ಅಥವಾ ಡಿಡಬ್ಲ್ಯುಜಿ ಫೈಲ್ ಕೊಡುತ್ತಾ ನೋಡಿ. ನಿಮ್ಮ ಇಂಜಿನಿಯರ್ ಆಟೋಕ್ಯಾಡ್‌ನಲ್ಲಿ ತೆರೆಯೋದು ಅದನ್ನೇ. ಬರೀ ಬಣ್ಣದ ಚಿತ್ರ ಕೊಡೋ ಆ್ಯಪ್ ಆದರೆ ಇಂಜಿನಿಯರ್ ಎಲ್ಲಾ ಮೊದಲಿಂದ ಬರೀಬೇಕು, ಅದಕ್ಕೆ ಫೀಸು ಬೇರೆ.

ನನ್ನ ಓಟು ಸ್ವೀಟ್ ಹೋಮ್ 3ಡಿಗೆ. ಕಂಪ್ಯೂಟರ್ ವರ್ಷನ್ ಪುಕ್ಕಟೆ, ಓಪನ್ ಸೋರ್ಸ್, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತೆ. ನೋಡೋಕೆ ಹಳೇ ಕಾಲದ್ದು ಅನ್ಸುತ್ತೆ, ರೆಂಡರ್, ಅಂದ್ರೆ 3ಡಿ ಚಿತ್ರ, ನಿಮ್ಮ ಆ್ಯಪ್‌ನಷ್ಟು ಥಳಥಳ ಇರಲ್ಲ. ಇರಲಿ, ನಮಗೆ ಅಳತೆ ಬೇಕು. ಸ್ಕೆಚ್‌ಅಪ್ ಅನ್ನೋ 3ಡಿ ಸಾಫ್ಟ್‌ವೇರ್ ಎಲಿವೇಷನ್‌ಗೆ, ಅಂದ್ರೆ ಮನೆಯ ಹೊರಮುಖಕ್ಕೆ, ಮುಂದಿನ ಪೋರ್ಟಿಕೋ ಆಕಾರ ನೋಡೋಕೆ ಬಹಳ ಚೆನ್ನಾಗಿದೆ, ಬ್ರೌಸರ್‌ನಲ್ಲಿ ಫ್ರೀ ವರ್ಷನ್ ಇದೆ, ಆದರೆ ಕಲಿಯೋಕೆ ತಾಳ್ಮೆ ಬೇಕು. ಆಟೋಕ್ಯಾಡ್ ನಿಮಗೆ ಬೇಡವೇ ಬೇಡ. 2016ರಿಂದ ಹೊಸದಾಗಿ ಒಂದೇ ಸಲ ದುಡ್ಡು ಕೊಟ್ಟು ಕೊಳ್ಳೋ ಲೈಸೆನ್ಸೇ ಇಲ್ಲ, ಬಾಡಿಗೆ ಕಟ್ತಾನೇ ಇರಬೇಕು. ಮಗನ ಕಾಲೇಜಿನ ಸ್ಟೂಡೆಂಟ್ ಲೈಸೆನ್ಸ್ ಓದೋಕೆ ಕೊಟ್ಟಿರೋದು, ಅದರಲ್ಲಿ ಮನೆ ಪ್ಲಾನ್ ಮಾಡಿ ಕಟ್ಟಬೇಡಿ. ಇನ್ನು ಮೇಲಿನ ಕಾಮೆಂಟಲ್ಲಿ ಒಬ್ಬರು ಕ್ರ್ಯಾಕ್ (ಕದ್ದ ಕಾಪಿ) ಲಿಂಕ್ ಹಾಕಿದಾರೆ, ಅಡ್ಮಿನ್ ದಯವಿಟ್ಟು ಅದನ್ನ ತೆಗೀರಿ. ನೆಟ್ ಬ್ಯಾಂಕಿಂಗ್ ಮಾಡೋ ಲ್ಯಾಪ್‌ಟಾಪ್‌ಗೆ ಆಂಟಿವೈರಸ್ ಆಫ್ ಮಾಡಿ ಇನ್‌ಸ್ಟಾಲ್ ಮಾಡಿ ಅಂತ ಹೇಳೋದು ಯಾವ ಸೀಮೆ ಸಲಹೆ?

ನಾನು ಎಲ್ಲರಿಗೂ ಹೇಳೋದು, ಹೊಸ ಮನೆ ಬಿಡಿಸೋ ಮುಂಚೆ ಈಗ ಇರೋ ಮನೆ ಬಿಡಿಸಿ. ಬಾಡಿಗೆ ಮನೆ ಆದರೂ ಪರವಾಗಿಲ್ಲ. ಟೇಪ್ ಹಿಡಿದು ಹಾಲು, ಅಡುಗೆ ಮನೆ, ಬಚ್ಚಲು ಎಲ್ಲಾ ಅಳೆದು ಸಾಫ್ಟ್‌ವೇರ್‌ಗೆ ಹಾಕಿ, ನಿಮ್ಮದೇ ಮಂಚ, ಫ್ರಿಜ್ಜು, ವಾಷಿಂಗ್ ಮಷೀನ್ ಅದೇ ಅಳತೆಗೆ ಇಡಿ. ಎರಡು ಲಾಭ. ಒಂದು, ನೀವು ತಪ್ಪು ಅಳತೆ ಹಾಕಿದ್ರೆ ಕೊನೇ ಗೋಡೆ ಕೂಡಲ್ಲ, ಅಲ್ಲೇ ಗೊತ್ತಾಗುತ್ತೆ. ಎರಡನೆಯದು, ಆಮೇಲೆ ಹೊಸ ಪ್ಲಾನ್‌ನಲ್ಲಿ 8x10 ಅಡುಗೆ ಮನೆ ಅಂದಾಗ ಈಗಿರೋದಕ್ಕಿಂತ ಎಷ್ಟು ದೊಡ್ಡದು ಅಂತ ಮನೆಯವರೆಲ್ಲರಿಗೂ ತಲೆಗೆ ಹತ್ತುತ್ತೆ. ಅಡುಗೆ ಮಾಡೋರನ್ನ ಪಕ್ಕ ಕೂರಿಸ್ಕೊಂಡು ಮಾಡಿ. ಗ್ರೈಂಡರ್ ಎಲ್ಲಿ, ಸಿಲಿಂಡರ್ ಎಲ್ಲಿಂದ ಒಳಗೆ ಬರುತ್ತೆ, ಪಾತ್ರೆ ತೊಳೆಯೋಕೆ ಯುಟಿಲಿಟಿ ಎಷ್ಟು ಬೇಕು, ಇದೆಲ್ಲ ಅವರಿಗೆ ಗೊತ್ತಿರುತ್ತೆ. ಕ್ಯಾಟಲಾಗ್‌ನಲ್ಲಿ ಸೋಫಾ ನೂರು ಥರ ಇರುತ್ತೆ, ಗ್ರೈಂಡರ್, ಸಂಪು, ತುಳಸಿಕಟ್ಟೆ ಹುಡುಕಬೇಕು. ಸಿಗದಿದ್ದರೆ ಬರೀ ಡಬ್ಬಿ ಒಂದು ತಗೊಂಡು ಅಳತೆ ಕೊಟ್ಟು ಹೆಸರು ಬರೆದು ಇಡಿ, ಸಾಕು. ಮಂಚ ಕೂಡ ಅವರದು ಬೇರೆ. ಅಮೆರಿಕದ ಕಿಂಗ್ ಸೈಜ್ ಹಾಸಿಗೆ 76x80 ಇಂಚು, ನಮ್ಮಲ್ಲಿ ಸಾಮಾನ್ಯವಾಗಿ ಸಿಗೋದು 72x78.

ಕಾಲಂ ಮರೀಬೇಡಿ. 9x12 ಇಂಚಿನ ಕಾಲಂ 6 ಇಂಚಿನ ಗೋಡೆಯಿಂದ ಹೊರಗೆ ಬಂದೇ ಬರುತ್ತೆ, ವಾರ್ಡ್‌ರೋಬ್ ಇಡೋ ಮೂಲೆಗೇ ಬರುತ್ತೆ. ಇಂಜಿನಿಯರ್ ಕಾಲಂ ಪ್ಲಾನ್ ಕೊಟ್ಟ ಮೇಲೆ ಅದನ್ನ ಹಾಕಿ ಇನ್ನೊಂದ್ಸಲ ನೋಡಿ. ಕಂಬಿ, ಪಾಯ, ಬೀಮ್ ಯಾವುದನ್ನೂ ಈ ಸಾಫ್ಟ್‌ವೇರ್‌ಗಳು ಹೇಳಲ್ಲ. ಸೆಟ್‌ಬ್ಯಾಕ್ (ಮನೆ ಸುತ್ತ ಖಾಲಿ ಬಿಡೋ ಜಾಗ) ಕೂಡ ನಿಮ್ಮ ಊರಿನ ನಗರಸಭೆ ಅಥವಾ ಪ್ರಾಧಿಕಾರದಲ್ಲಿ ಕೇಳಿಯೇ ಬಿಡಿ, ಪಕ್ಕದ ಮನೆಯವರು ಬಿಟ್ಟಿದ್ದು ನೋಡಿ ಅಲ್ಲ.

ಸೈಟು ಮೂಲೆಮಟ್ಟ ಇದೆಯಾ ನೋಡಿದೀರಾ? 30x40 ಸರಿಯಾಗಿದ್ದರೆ ಮೂಲೆಯಿಂದ ಮೂಲೆಗೆ ಎರಡೂ ಕಡೆ 50 ಅಡಿ ಬರಬೇಕು. ಒಂದು ಐವತ್ತೂವರೆ, ಇನ್ನೊಂದು ನಲವತ್ತೊಂಬತ್ತೂವರೆ ಬಂದರೆ ಸೈಟು ಓರೆ. ಸಾಫ್ಟ್‌ವೇರ್ ತಾನೇ ನೆಟ್ಟಗೆ ಮಾಡಿ ತೋರಿಸುತ್ತೆ, ಅದನ್ನ ನಂಬಬೇಡಿ. ಹಳೇ ಪ್ಲಾನ್ ಫೋಟೋ ಹಿನ್ನೆಲೆಗೆ ಹಾಕಿ ಅದರ ಮೇಲೆ ಎಳೆಯೋರು ಸ್ಕೇಲ್ ಕೊಡೋವಾಗ 3 ಅಡಿ ಬಾಗಿಲ ಅಳತೆ ಕೊಡಬೇಡಿ, 40 ಅಡಿ ಗೋಡೆಯದೇ ಕೊಡಿ. 3 ಅಡಿಯಲ್ಲಿ ಒಂದು ಇಂಚು ಹೆಚ್ಚುಕಮ್ಮಿ ಆದರೆ 40 ಅಡಿಗೆ ಹೋಗೋ ಹೊತ್ತಿಗೆ ಒಂದು ಅಡಿ ದಾಟಿರುತ್ತೆ.

ಬಿಸಿಲು ನೋಡೋಕೂ ಸಾಫ್ಟ್‌ವೇರ್ ಉಪಯೋಗಕ್ಕೆ ಬರುತ್ತೆ. ಸ್ವೀಟ್ ಹೋಮ್‌ನಲ್ಲಿ ದಿಕ್ಸೂಚಿ ಮೇಲೆ ಎರಡು ಸಲ ಕ್ಲಿಕ್ ಮಾಡಿ ಉತ್ತರ ದಿಕ್ಕು, ಅಕ್ಷಾಂಶ, ರೇಖಾಂಶ ಹಾಕಿ. ಬೆಂಗಳೂರಾದರೆ ಸುಮಾರು 13 ಉತ್ತರ, 77.6 ಪೂರ್ವ. ಆಮೇಲೆ ತಾರೀಖು, ಗಂಟೆ ಕೊಟ್ಟು ಚಿತ್ರ ತೆಗೆದರೆ ಕಿಟಕಿಯಿಂದ ಬಿಸಿಲು ಎಲ್ಲಿವರೆಗೆ ಬರುತ್ತೆ ಕಾಣುತ್ತೆ. ಉತ್ತರದ ಕಿಟಕಿಗೆ ಬಿಸಿಲೇ ಬರಲ್ಲ ಅಂತ ಬಹಳ ಜನ ಹೇಳ್ತಾರೆ, ನಮ್ಮ ಕಡೆ ಅದು ಪೂರ್ತಿ ನಿಜ ಅಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೇ ಇರ್ತಾನೆ. ಆ ಕಡೆ ಸಜ್ಜ ಬೇಡ ಅಂತ ಬಿಡಬೇಡಿ.

ಪ್ರಿಂಟ್ ತೆಗೆಯೋವಾಗ ಪೇಜ್ ಸೆಟಪ್‌ನಲ್ಲಿ ಸ್ಕೇಲ್ 1/48 ಕೊಡಿ, ಅಂದ್ರೆ ಒಂದು ಅಡಿಗೆ ಕಾಲು ಇಂಚು. 30x40 ಪ್ಲಾನು ಏಳೂವರೆ ಇಂಚು ಅಗಲ, 10 ಇಂಚು ಉದ್ದ, ಎ4 ಹಾಳೆಯಲ್ಲೇ ಕೂರುತ್ತೆ. ಪ್ರಿಂಟರ್‌ನಲ್ಲಿ ಫಿಟ್ ಟು ಪೇಜ್ ಆಫ್ ಮಾಡಿ ಅಂತ ಝೆರಾಕ್ಸ್ ಅಂಗಡಿಯವರಿಗೆ ಹೇಳಿ, ಬಂದ ಹಾಳೆ ಮೇಲೆ ಟೇಪ್ ಇಟ್ಟು 10 ಅಡಿ ಅಂತ ಬರೆದಿರೋದು ಎರಡೂವರೆ ಇಂಚು ಇದೆಯಾ ನೋಡಿ. ಮೆಟ್ಟಿಲು ಸರಿ ಮಾಡಿ, ಒಳ ಅಳತೆ ಬರೆದು, ಆ ಪಿಡಿಎಫ್ ಇಲ್ಲೇ ಹಾಕಿ. ನೋಡಿ ಹೇಳ್ತೀನಿ. ಮೇಸ್ತ್ರಿಗೆ ಒಂದು ವಾರ ತಡೀರಿ ಅಂತ ಇವತ್ತೇ ಫೋನ್ ಮಾಡಿ.